ಕಂಬಕ್ಕೆ ಕಿವಿಯಿಟ್ಟವನ ಕಾಗದಗಳು

ಇದನ್ನು ಬರೆಯುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಕೆಲಸದಲ್ಲಿದ್ದಾಗ ನಿವೃತ್ತಿಯಾಗಲಿ ಎಂದುಕೊಂಡೆ. ನಿವೃತ್ತಿಯಾದ ಮೇಲೆ ಮಕ್ಕಳ ಮದುವೆ ಮುಗಿಯಲಿ ಎಂದುಕೊಂಡೆ. ಅದೂ ಮುಗಿದ ಮೇಲೆ ಈ ಬೇಸಿಗೆ ಕಳೆಯಲಿ, ಈ ಮಳೆ ನಿಲ್ಲಲಿ ಎಂದು ವರ್ಷಗಳನ್ನು ತಳ್ಳಿದೆ. ಈಗ ನೆಪಗಳು ಮುಗಿದಿವೆ. ನಾನು ಹೈಸ್ಕೂಲಿನವರೆಗೆ ಓದಿದವನು. ಜೀವಮಾನವಿಡೀ ಬರೆದದ್ದು ನಾಲೆ ಆಫೀಸಿನ ಟಿಪ್ಪಣಿಗಳನ್ನು. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಷ್ಟೇ ನನಗೆ ಗೊತ್ತಿರುವುದು.

ನನಗೊಬ್ಬ ಸ್ನೇಹಿತನಿದ್ದ. ಅವನು ಕಿರುಗಾವಲು ಕಡೆಯವನು, ನಾನು ಕೆರಗೋಡಿನ ಹತ್ತಿರದವನು. ಹೈಸ್ಕೂಲಿಗೆಂದು ಮಂಡ್ಯಕ್ಕೆ ಬಂದಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವನ ಊರಿನ ಹೊಲಗಳ ಮೇಲೆ ಶಿವನಸಮುದ್ರದ ಕರೆಂಟಿನ ತಂತಿ ಹಾದುಹೋಗಿತ್ತು. ಕರೆಂಟು ಎಲ್ಲಿಗೋ ಹೋಗುತ್ತಿತ್ತು, ಊರಿನಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ದನ ಕಾಯುವ ಹುಡುಗರೆಲ್ಲ ಹಿರಿಯರ ಕಣ್ಣು ತಪ್ಪಿಸಿ ಆ ಕಂಬಕ್ಕೆ ಕಿವಿಯಿಡುತ್ತಿದ್ದರಂತೆ. ಗುಂಯ್ ಎಂದು ಒಂದೇ ಸಮನೆ ಶಬ್ದ. ಪರಿಚಯವಾದ ವಾರದಲ್ಲೇ ಅವನು ನನಗೆ ಹೇಳಿದ್ದು ಅದನ್ನೇ.

"ನಮ್ಮೂರ್ ಕಂಬ ಮಾತಾಡ್ತದೆ ಕಣ್ಲಾ."

"ಏನಂತದ್ಲಾ?"

"ನಿನ್ನಂತ ದಡ್ಡಂಗೆ ಕೇಳಕಿಲ್ಲ ಬುಡು."

ಓದು ಮುಗಿದ ಮೇಲೆ ಅವನು ಟ್ರೈನಿಂಗ್ ಮಾಡಿಕೊಂಡು ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮೇಷ್ಟ್ರಾದ. ನಾನು ಮಂಡ್ಯದಲ್ಲೇ ನಾಲೆ ಆಫೀಸಿನಲ್ಲಿ ಗುಮಾಸ್ತೆಯಾದೆ. ಮೂವತ್ತರ ದಶಕ ಅದು. ನಾಲೆಗೆ ಹೊಸದಾಗಿ ನೀರು ಬಂದಿತ್ತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ಎದ್ದಿತ್ತು, ಸಕ್ಕರೆ ಕಾರ್ಖಾನೆಯ ಹೊಗೆ ಎದ್ದಿತ್ತು, ಅವುಗಳ ಜೊತೆಗೇ ಸೊಳ್ಳೆಯೂ ಎದ್ದಿತ್ತು. ಆಫೀಸಿನಲ್ಲಿ ದಿನಕ್ಕೊಬ್ಬರು ಚಳಿಜ್ವರದಲ್ಲಿ ನಡುಗುತ್ತ ಮನೆಗೆ ಹೋಗುತ್ತಿದ್ದರು. ಕ್ವಿನೈನು ನುಂಗಿ ನುಂಗಿ ಕಿವಿಯಲ್ಲಿ ಸದಾ ಒಂದು ಗುಂಯ್ ಶಬ್ದ. ಆಗೆಲ್ಲ ನನಗೆ ಅವನ ಕಂಬದ ನೆನಪಾಗುತ್ತಿತ್ತು.

ಅವನು ಕತೆ ಬರೆಯುತ್ತಿದ್ದ. ಈಗ ಅಂಥವಕ್ಕೆ ವೈಜ್ಞಾನಿಕ ಕತೆ ಎನ್ನುತ್ತಾರೆ. ಆಗ ನಮಗೆ ಆ ಹೆಸರು ಗೊತ್ತಿರಲಿಲ್ಲ. ಅವನೇ ಅವಕ್ಕೆ ನಾಳೆ ಕತೆ ಎಂದು ಹೆಸರಿಟ್ಟುಕೊಂಡಿದ್ದ. ಬಿಸಿಲನ್ನು ರಾಗಿಯಂತೆ ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಮಳೆಗಾಲಕ್ಕೆ ತೆಗೆಯುವ ಊರು, ತಾನಾಗಿ ದಿಬ್ಬ ಹತ್ತುವ ನೀರು, ಇಂಥವು. ಒಂದು ಮಾಸಪತ್ರಿಕೆ ಅವನ್ನು ಅಚ್ಚು ಹಾಕುತ್ತಿತ್ತು, ಬೇರೊಂದು ಹೆಸರಿನಲ್ಲಿ. ಮೇಷ್ಟ್ರು ಪತ್ರಿಕೆಗೆ ಕತೆ ಬರೆಯುತ್ತಾನೆಂದು ಇನ್‌ಸ್ಪೆಕ್ಟರಿಗೆ ತಿಳಿದರೆ ಸಮಜಾಯಿಷಿ ಕೊಡಬೇಕಾದೀತು ಎಂಬ ಭಯ ಅವನಿಗೆ. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೇ. ತಾಯಿಯ ಮೇಲೆ ಆಣೆ ಹಾಕಿಸಿಕೊಂಡಿದ್ದ.

ಅವನು ಬರೆಯುವ ಕ್ರಮವೇ ಬೇರೆ. ಪ್ರತಿ ಕತೆಯನ್ನೂ ಮೊದಲು ನನಗೊಂದು ಕಾಗದವಾಗಿ ಬರೆಯುತ್ತಿದ್ದ. ಕತೆ ಎಂದು ಎಲ್ಲೂ ಹೇಳುತ್ತಿರಲಿಲ್ಲ. ಎಲ್ಲರೂ ಬರೆಯುವಂತೆ ಮೇಲೆ ಶ್ರೀ, ಅದರ ಕೆಳಗೆ 'ಉಭಯ ಕುಶಲೋಪರಿ ಸಾಂಪ್ರತ, ನಾನಿಲ್ಲಿ ಕ್ಷೇಮ', ಆಮೇಲೆ ನೇರವಾಗಿ ಸುಳ್ಳು. ಕೊನೆಯಲ್ಲಿ ನಾಲ್ಕು ಸಾಲು ನಿಜವಾದ ಮನೆವಾರ್ತೆ. ನನ್ನ ಕೆಲಸವೇನೆಂದರೆ, ಓದುತ್ತ ಹೋಗಿ ಯಾವ ಸಾಲಿನಲ್ಲಿ ನಂಬಿಕೆ ತಪ್ಪಿತೋ ಅಲ್ಲಿ ಒಂದು ಗೆರೆ ಎಳೆದುಕೊಂಡು ಅವನಿಗೆ ತಿಳಿಸುವುದು. ಗೆರೆ ಬಿದ್ದ ಕಡೆ ಅವನು ತಿದ್ದುತ್ತಿದ್ದ. "ಕಾಗದದಲ್ಲಿ ಕ್ಷೇಮ ಅಂತ ಬರೆದ ಮೇಲೆ ಬರೋದೆಲ್ಲ ನಿಜ ಅಂತ್ಲೇ ನಮ್ಮ ಜನ ಓದ್ತಾರೆ. ನೀನು ಕೊನೇವರೆಗೂ ನಂಬಿದ್ರೆ ಕತೆ ಗೆದ್ದಂಗೆ" ಎನ್ನುತ್ತಿದ್ದ.

ಆ ಕೆಲಸದ ಮೇಲೆ ನನಗೆಷ್ಟು ಹೆಮ್ಮೆಯಿತ್ತೆಂದು ಹೇಳಲಾರೆ. ನಾನೂ ಎರಡು ಕತೆ ಬರೆದು ಅದೇ ಪತ್ರಿಕೆಗೆ ಕಳಿಸಿದ್ದೆ, ಎರಡೂ ವಾಪಸು ಬಂದಿದ್ದವು. ಅವನಿಗೆ ಅದನ್ನು ಹೇಳಿರಲಿಲ್ಲ. ಆದರೆ ಅವನ ಕತೆಗೆ ನಾನು ಮೊದಲ ಓದುಗ, ನಾನು ಗೆರೆ ಎಳೆದರೆ ಅವನು ತಿದ್ದಬೇಕು. ಆಫೀಸಿನಲ್ಲಿ ಎಲ್ಲರ ಕೈಕೆಳಗಿದ್ದವನಿಗೆ ಅದೊಂದು ಅಧಿಕಾರ.

ನಾಲೆಗೆ ನೀರು ಬಿಟ್ಟ ಒಂದೆರಡು ವರ್ಷಗಳ ಮೇಲೆ ಒಂದು ಕಾಗದ ಬಂತು. ಅದು ಈಗಲೂ ನನಗೆ ಬಾಯಿಪಾಠ. "ಉಭಯ ಕುಶಲೋಪರಿ ಸಾಂಪ್ರತ. ನಾನಿಲ್ಲಿ ಕ್ಷೇಮ. ನಿನ್ನೆ ಶಾಲೆ ಬಿಟ್ಟ ಮೇಲೆ ಕಂಬದ ಹತ್ತಿರ ಹೋಗಿದ್ದೆ. ಆ ಹೆಂಗಸು ಮತ್ತೆ ಮಾತಾಡಿದಳು. ಅವಳಿರುವುದು ನೂರು ವರ್ಷದ ಆಚೆ. ಅವಳಿಗೆ ನನ್ನ ಮಾತು ಕೇಳುವುದು ಅವಳ ಮನೆಯ ಗೋಡೆಯಿಂದಂತೆ. ಅವರ ಕಾಲದಲ್ಲಿ ಜ್ವರವೆಂದರೆ ಏನೆಂದು ಮಕ್ಕಳಿಗೆ ಪುಸ್ತಕ ನೋಡಿ ಹೇಳಬೇಕಂತೆ. ನಿಮ್ಮ ತಾಯಿ ಹೇಗಿದ್ದಾರೆ ಎಂದು ಕೇಳಿದಳು. ನಾನು ಉತ್ತರ ಹೇಳುವಷ್ಟರಲ್ಲಿ ಗಾಳಿ ಬೀಸಿ ತಂತಿ ಅಲುಗಿತು, ಮಾತು ತುಂಡಾಯಿತು. ನಾಳೆ ಮತ್ತೆ ಹೋಗುತ್ತೇನೆ." ಹೀಗೆ ಮೂರು ಪುಟ. ನಾನು ಎಲ್ಲಿಯೂ ಗೆರೆ ಎಳೆಯಲಿಲ್ಲ. ಹಾಗೆಂದೇ ಕಾರ್ಡು ಬರೆದೆ. ಅವನು ಅದನ್ನು ಪತ್ರಿಕೆಗೆ ಕಳಿಸಿದ.

ಅದಾದ ಹದಿನೈದು ದಿನಕ್ಕೆ ಇನ್ನೊಂದು ಕಾಗದ ಬಂತು. ಅದರಲ್ಲಿ ಸುಳ್ಳೇ ಇರಲಿಲ್ಲ. ಮದ್ದೂರಿನ ಕಡೆಯ ಒಂದು ಒಕ್ಕಲಿನ ಮನೆಗೆ ಹೆಣ್ಣು ನೋಡಲು ಹೋಗಿದ್ದನಂತೆ. ತಾಯಿಯ ಕಣ್ಣು ಮಂಜಾಗುತ್ತಿದೆ, ಒಲೆಯ ಮುಂದೆ ಬಿಡಲು ಹೆದರಿಕೆ ಎಂದು ಬರೆದಿದ್ದ. ಹುಡುಗಿ ಆರೇಳು ಕ್ಲಾಸು ಓದಿದ್ದಾಳೆ. ಎಲ್ಲರೆದುರೂ ತಲೆಯೆತ್ತಿ, ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂದು ಕೇಳಿದಳಂತೆ. ಮನೆಯವರು ಗದರಿದರಂತೆ. ಅವನಿಗೆ ಅದು ಬಹಳ ಹಿಡಿಸಿತ್ತು. ಕಾಗದದ ಕೊನೆಯಲ್ಲಿ ಹೀಗಿತ್ತು: "ಇದು ಕೂಡಿಬಂದರೆ ಇನ್ನು ಮುಂದೆ ಕತೆಗಳನ್ನು ಮೊದಲು ಅವಳಿಗೆ ಓದಿ ಹೇಳುತ್ತೇನೆ, ಗೆರೆ ಅವಳು ಎಳೆಯಲಿ. ಆಮೇಲೆ ನಿನಗೆ ಕಳಿಸುತ್ತೇನೆ. ಕೋಪ ಮಾಡಿಕೊಳ್ಳಬೇಡ."

ಕೋಪ ಬಂತು. ಆ ಮಾತನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಒಂದು ಭಾನುವಾರ ಬೆಳಿಗ್ಗೆ ಆ ಹುಡುಗಿಯ ತಂದೆ ನನ್ನ ಕೋಣೆಗೆ ಬಂದರು. ಹೆಣ್ಣು ಕೊಡುವ ಮುಂಚೆ ಗಂಡಿನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ರೂಢಿ. ಸ್ನೇಹಿತನೇ ನನ್ನ ವಿಳಾಸ ಕೊಟ್ಟಿದ್ದ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಒಂಟಿ. ಕೊಟ್ಟ ಕಾಫಿಯನ್ನು ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದು ಕೆಳಗಿಟ್ಟರು.

"ಗುಮಾಸ್ತ್ರೇ, ಸುತ್ತಿ ಬಳಸಿ ಮಾತಾಡಕೆ ನಂಗೆ ಬರಾಕಿಲ್ಲ. ಉಡ್ಗ ಎಂಗೆ?"

"ಒಳ್ಳೆಯವನು, ಗೌಡ್ರೇ."

"ಒಳ್ಳೇವ್ನು ಅಂತ ಎಲ್ರೂ ಅಂತಾರೆ. ಎತ್ತು ಮಾರೋನೂ ಅಂಗೇ ಅಂತಾನೆ. ಅವ್ರು ಬರ್ದಿರೋ ಕಾಗ್ದ ಇದ್ರೆ ಒಂದ್ ತೋರ್ಸಿ. ಮೇಷ್ಟ್ರು ಅಂದ್ಮೇಲೆ ಅಕ್ಸರ ನೋಡ್ಬೇಕು. ಅಕ್ಸರ ನೆಟ್ಟಗಿದ್ರೆ ಮನ್ಸನೂ ನೆಟ್ಟಗಿರ್ತಾನೆ ಅಂತ ನನ್ನೆಣಿಕೆ."

ಕಾಗದಗಳನ್ನು ಆಗೆಲ್ಲ ಕೊಕ್ಕೆಯಂತೆ ಬಗ್ಗಿಸಿದ ತಂತಿಗೆ ಚುಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದೆವು. ನಾನು ಎದ್ದು ತಂತಿ ತೆಗೆದೆ. ಎಲ್ಲಕ್ಕಿಂತ ಮೇಲಿದ್ದದ್ದು ಹುಡುಗಿಯ ವಿಷಯದ ಕಾಗದ, ತಾಯಿಯ ಕಣ್ಣಿನ ಕಾಗದ. ಅದನ್ನು ಕೊಟ್ಟಿದ್ದರೆ ಆ ದಿನವೇ ಮಾತು ಮುಗಿದು ಹೋಗುತ್ತಿತ್ತು. ಅದರ ಕೆಳಗಿದ್ದದ್ದು ಕಂಬದ ಕಾಗದ. ಮೇಲಿನದನ್ನು ಎತ್ತಿ ಪಕ್ಕಕ್ಕಿಟ್ಟೆ. ಕೆಳಗಿನದನ್ನು ಬಿಡಿಸಿ ಅವರ ಕೈಗೆ ಕೊಟ್ಟೆ. ಕೈ ತಪ್ಪಿ ಬಂದ ಕಾಗದ ಅದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕೈ ತಪ್ಪಿರಲಿಲ್ಲ.

ಅವರು ಜೇಬಿನಿಂದ ಕನ್ನಡಕ ತೆಗೆದು, ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಉಭಯ ಕುಶಲೋಪರಿ" ಎನ್ನುವಾಗ ತಲೆದೂಗಿದರು. ಅಕ್ಷರ ದುಂಡಗಿತ್ತು. ಮುಂದಕ್ಕೆ ಹೋದಂತೆ ದನಿ ಸಣ್ಣಗಾಯಿತು. ಆಮೇಲೆ ತುಟಿ ಮಾತ್ರ ಆಡುತ್ತಿತ್ತು. ಮೂರು ಪುಟವನ್ನೂ ಬಿಡದೆ ಓದಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಎಲ್ಲಿಯಾದರೂ ನಿಂತು, ಇದು ಕತೆಯಲ್ಲವೇ ಎಂದು ಅವರೇ ಕೇಳಿಬಿಡಲಿ ಎಂದು ಒಂದು ಮನಸ್ಸು, ಕೇಳದಿರಲಿ ಎಂದು ಇನ್ನೊಂದು.

"ಗುಮಾಸ್ತ್ರೇ, ಇದೇನು, ಕಂಬದಲ್ಲಿ ಎಂಗ್ಸು ಮಾತಾಡ್ತಾಳೆ ಅಂತ ಬರ್ದವ್ರೆ?"

"ಹೌದು."

"ತಮಾಸೆಗಾ?"

ಅವರು ನನಗೆ ದಾರಿ ಬಿಟ್ಟುಕೊಟ್ಟರು. ಹೌದು ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು, "ಅವನು ತಮಾಷೆಗೆ ಬರೆಯೋನಲ್ಲ, ಗೌಡ್ರೇ."

"ಯಾವತ್ತಿಂದ ಇಂಗೆ?"

"ಓದೋ ಕಾಲದಿಂದಲೂ."

"ಅವ್ರ ತಾಯಿಗೆ ಗೊತ್ತಾ?"

"ಗೊತ್ತಿರಲಾರದು."

ನಾನು ಆಡಿದ ಒಂದೊಂದು ಮಾತೂ ನಿಜ. ಒಂದು ಮಾತನ್ನು ಮಾತ್ರ ಆಡಲಿಲ್ಲ, ಇದು ಕತೆ ಎಂಬ ಮಾತನ್ನು. ಆಣೆ ಇಟ್ಟಿದ್ದೇನಲ್ಲ ಎಂದು ಒಳಗೊಳಗೇ ಆಣೆಯ ಹಿಂದೆ ಅವಿತುಕೊಂಡೆ. ಗೌಡರು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ, ತಾವೇ ತಂತಿಗೆ ಚುಚ್ಚಿ, ಎದ್ದು ನಿಂತರು. "ನನ್ ಮಗಳ ಅದೃಷ್ಟ, ನಿಮ್ಮನ್ನ ಕೇಳ್ದೆ. ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಡ್ತಿದ್ರು" ಎಂದರು. ಕೈ ಮುಗಿದರು. ನಾನೂ ಮುಗಿದೆ.

ಆಮೇಲಿನ ದಿನಗಳಲ್ಲಿ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ನಾನು ಕಿಟಕಿಯಿಂದ ಹಿಂದಕ್ಕೆ ಸರಿಯುತ್ತಿದ್ದೆ. ಹತ್ತು ದಿನಕ್ಕೆ ಒಂದು ಕಾರ್ಡು ಬಂತು. "ಮದ್ದೂರಿನವರು ಮಾತು ನಿಲ್ಲಿಸಿದ್ದಾರೆ. ಕಾರಣ ಹೇಳುತ್ತಿಲ್ಲ. ನಿನ್ನ ಹತ್ತಿರ ಬಂದಿದ್ದರೇ? ಅಮ್ಮ ದಿನವೂ ಕೇಳುತ್ತಾಳೆ." ಬಂದಿದ್ದರು, ಒಳ್ಳೆಯ ಮಾತೇ ಹೇಳಿ ಕಳಿಸಿದೆ ಎಂದು ಉತ್ತರ ಬರೆದೆ. ಆ ಸಾಲನ್ನು ಬರೆಯುವಾಗ, ಅವನು ಇಲ್ಲಿ ಗೆರೆ ಎಳೆಯುತ್ತಾನೆ ಎನ್ನಿಸಿತು. ಅವನು ಎಳೆಯಲಿಲ್ಲ. "ನೀನಿದ್ದೀಯಲ್ಲ, ಸಾಕು" ಎಂದು ಮರುಟಪಾಲಿಗೆ ಬರೆದ. ಆ ತಿಂಗಳೇ ಕಂಬದ ಕತೆ ಅಚ್ಚಾಯಿತು. ಮದ್ದೂರಿನ ಕಡೆಯವರ ಕೈಗೆ ಆ ಪತ್ರಿಕೆ ಸಿಕ್ಕೀತೇ, ಸಿಕ್ಕರೂ ಬೇರೆ ಹೆಸರಿನಲ್ಲಿದೆಯಲ್ಲ ಎಂದು ಲೆಕ್ಕ ಹಾಕುತ್ತ ಆಫೀಸಿನ ಕಾಗದಗಳಲ್ಲಿ ತಪ್ಪು ಬರೆದು ಬೈಸಿಕೊಂಡೆ.

ಮೂರು ತಿಂಗಳ ಮೇಲೆ ಗೌಡರ ತಮ್ಮ ಕೆರಗೋಡಿಗೆ, ನಮ್ಮ ಮನೆಗೇ ಬಂದರು. ಸುಳ್ಳು ಹೇಳದ ಹುಡುಗ, ಸರ್ಕಾರಿ ಕೆಲಸದವನು, ಅವನಿಗೇ ಕೊಡೋಣ ಎಂದು ಅಣ್ಣ ಹಟ ಹಿಡಿದಿದ್ದಾನೆ ಎಂದರು. ನಮ್ಮವ್ವ ಅಂಗಳದಲ್ಲೇ ಒಪ್ಪಿಕೊಂಡಳು. ನಾನು ಬೇಡ ಎನ್ನಬಹುದಿತ್ತು. ಬೇಡವೆಂದರೆ ಕಾರಣ ಹೇಳಬೇಕು, ಇದ್ದದ್ದು ಒಂದೇ ಕಾರಣ. ಅದನ್ನು ಹೇಳುವುದಕ್ಕಿಂತ ಮದುವೆಯಾಗುವುದು ಸುಲಭವೆನ್ನಿಸಿತು. ಹೀಗೂ ಒಬ್ಬ ಮನುಷ್ಯ ಮದುವೆಯಾಗಬಹುದು.

ಸ್ನೇಹಿತನಿಗೆ ಲಗ್ನಪತ್ರಿಕೆ ಕಳಿಸದೆ ಇರಲಾರೆ, ಕಳಿಸಿದರೆ ಬರುತ್ತಾನೆ. ಕಳಿಸಿದೆ. ಬರದಿರಲಿ ಎಂದು ಬೇಡಿಕೊಂಡೆ. ಅವನು ಮದುವೆಯ ಹಿಂದಿನ ದಿನವೇ ಮಳವಳ್ಳಿಯಿಂದ ಬಸ್ಸು ಹಿಡಿದು ಬಂದ. "ಮೊದ್ಲೇ ಹೇಳ್ಬಾರ್ದಾಗಿತ್ತೇನ್ಲಾ, ಅದೇ ಮನೆ ಅಂತ" ಎಂದು ನಕ್ಕ. "ನಂಗಿಲ್ದಿದ್ರೆ ನಿಂಗಾದ್ರೂ ಆಯ್ತಲ್ಲ. ಬುಡು, ಒಳ್ಳೇ ಉಡ್ಗಿ." ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಚಪ್ಪರಕ್ಕೆ ಹಸಿರು ಕಟ್ಟಿದ, ನೀರು ಹೊತ್ತ.

ಧಾರೆಯಾದ ಮೇಲೆ ಊಟದ ಪಂಕ್ತಿಯಲ್ಲಿ ಅನ್ನದ ಬುಟ್ಟಿ ಹಿಡಿದು ಬಡಿಸಲು ನಿಂತ. ನಾನು ಮತ್ತು ಮದುವಣಗಿತ್ತಿ ಪಂಕ್ತಿಯ ತಲೆಯಲ್ಲಿ ಕೂತಿದ್ದೆವು. ಹೆಣ್ಣಿನ ಕಡೆಯ ಒಬ್ಬ, ನನ್ನ ಹೆಂಡತಿಗೆ ಸೋದರಮಾವನಾಗಬೇಕು, ಎಲೆಯ ಮುಂದೆ ಕೂತೇ ಕೂಗಿದ.

"ಮೇಷ್ಟ್ರೇ, ಇವತ್ತು ಕಂಬ ಏನಂತು? ಆಯಮ್ಮ ಮದ್ವೆಗೆ ಬಂದವ್ಳಾ?"

ಪಂಕ್ತಿಯೆಲ್ಲ ನಕ್ಕಿತು. ಇನ್ನೊಬ್ಬ, "ಸುಮ್ಕಿರ್ಲಾ, ಕೆರಳುಸ್ಬೇಡ" ಎಂದು ಪಿಸುಗುಟ್ಟಿದ. ಅದು ಎಲ್ಲರಿಗೂ ಕೇಳಿಸಿತು.

ಅವನು ಬುಟ್ಟಿ ಹಿಡಿದು ನಿಂತಲ್ಲೇ ನಿಂತ. ಕಂಬದ ಕತೆ ಅವನದೆಂದು ಗೊತ್ತಿದ್ದದ್ದು ಒಬ್ಬನಿಗೆ, ಕಾಗದ ಇದ್ದದ್ದೂ ಆ ಒಬ್ಬನ ಬಳಿಯೇ. ಅವನು ಮೆಲ್ಲಗೆ ತಲೆ ತಿರುಗಿಸಿ ನನ್ನ ಕಡೆ ನೋಡಿದ. ನಾನು ಎಲೆಯ ಮೇಲಿನ ಉಪ್ಪನ್ನು ನೋಡುತ್ತಿದ್ದೆ.

"ಏನಂತು ಅಂದ್ರಾ?" ಎಂದ ಅವನು. ದನಿ ಸ್ವಲ್ಪವೂ ಏರಲಿಲ್ಲ. "ಬೇಗ ಉಣ್ಣಿ ಅಂತು. ಸಾರು ಆರೋಯ್ತದೆ."

ಮತ್ತೆ ನಗು. ಅವನು ಪಂಕ್ತಿಯ ಕೊನೆಯವರೆಗೂ ಬಡಿಸಿದ. ನನಗೂ ಬಡಿಸಿದ, ನನ್ನ ಹೆಂಡತಿಗೂ ಬಡಿಸಿದ. ತಾನು ಉಣ್ಣಲಿಲ್ಲ. ತಾಂಬೂಲಕ್ಕೆ ಹುಡುಕಿದಾಗ ಬಸ್ಸಿಗೆ ಹೋದನೆಂದು ಯಾರೋ ಹೇಳಿದರು.

ಅವನಿಂದ ಮತ್ತೆ ಕಾಗದ ಬರಲಿಲ್ಲ. ಪ್ರತಿ ತಿಂಗಳು ವಾಚನಾಲಯಕ್ಕೆ ಹೋಗಿ ಆ ಪತ್ರಿಕೆಯನ್ನು ತಿರುವಿ ಹಾಕುತ್ತಿದ್ದೆ. ಅವನ ಕತೆ ಮತ್ತೆ ಬರಲಿಲ್ಲ. ಅವನ ತಾಯಿ ತೀರಿಕೊಂಡ ಸುದ್ದಿ ಬೇರೆಯವರಿಂದ ಕೇಳಿದೆ. ಅವನು ಮದುವೆಯಾಗಲಿಲ್ಲ. ಹೆಣ್ಣು ಕೇಳಲು ಹೋದ ಕಡೆಗಳಲ್ಲಿ ಕಂಬದ ಮಾತು ಅವನಿಗಿಂತ ಮುಂಚೆಯೇ ಹೋಗಿರುತ್ತಿತ್ತಂತೆ.

ಅವನ ಕ್ಷಮೆ ಕೇಳಲು ನನಗೆ ಮೂವತ್ತು ವರ್ಷ ಬೇಕಾಯಿತು. ಮಳವಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಒಂದು ಮಧ್ಯಾಹ್ನ. ಅವನಿಗೆ ಆಗಲೇ ತಲೆ ಪೂರ್ತಿ ನರೆತಿತ್ತು. ತಂತಿಯಿಂದ ಯಾವ ಕಾಗದ ಎತ್ತಿದೆ, ಯಾವುದನ್ನು ಕೊಟ್ಟೆ, ಎಲ್ಲ ಹೇಳಿದೆ. ಅವನು ಬಸ್ಸುಗಳನ್ನು ನೋಡುತ್ತ ಕೇಳಿಸಿಕೊಂಡ. ಆಮೇಲೆ ನಾನು ಎಣಿಸದಿದ್ದ ಪ್ರಶ್ನೆ ಕೇಳಿದ.

"ಗೌಡ್ರು ಯಾವ ಸಾಲ್ನಲ್ಲಿ ನಿಲ್ಸಿದ್ರು?"

"ಎಲ್ಲೂ ನಿಲ್ಲಿಸಲಿಲ್ಲ. ಕೊನೇವರೆಗೂ ಓದಿದರು."

"ನಂಬುದ್ರಾ?"

"ನಂಬಿದರು."

"ಹಂಗಾದ್ರೆ ಕತೆ ಚೆನ್ನಾಗಿತ್ತು ಕಣ್ಲಾ" ಎಂದು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. "ನನ್ನ ಕೇಳ್ದೆ, ಸರಿ. ನಿನ್ ಹೆಂಡ್ತೀನ ಕೇಳಿದ್ಯಾ?"

ಇಲ್ಲ ಎಂದೆ. ಅವನು ಎದ್ದು ಬಸ್ಸಿಗೆ ಹೋದ. ಅದೇ ಕೊನೆ. ಆರು ವರ್ಷದ ಕೆಳಗೆ ತೀರಿಕೊಂಡ.

ಆ ಪ್ರಶ್ನೆ ನನಗೆ ಎಲ್ಲಿ ತಾಗಿತೆಂದು ಹೇಳಬೇಕು. ನನ್ನ ಹೆಂಡತಿ ನಮ್ಮ ಸಂಸಾರದುದ್ದಕ್ಕೂ ಒಂದು ಮಾತು ಹೇಳುತ್ತ ಬಂದವಳು. ಬಂದ ನೆಂಟರಿಗೆ ಹೇಳುತ್ತಿದ್ದಳು, ಸೊಸೆಯಂದಿರಿಗೆ ಹೇಳುತ್ತಿದ್ದಳು. "ನಮ್ಮಪ್ಪ ನನ್ನ ಒಬ್ಬ ಹುಚ್ಚಂಗೆ ಕೊಟ್ಟುಬುಡ್ತಿದ್ದ ಕಣಮ್ಮ. ಇವ್ರು ಸ್ನೇಹ ಅಂತಾನೂ ನೋಡ್ದೆ ನಿಜ ಹೇಳಿ ನನ್ನ ಉಳಿಸುದ್ರು. ಪಾಪ, ಆ ಮೇಷ್ಟ್ರು ನೋಡಕೆ ಮಾತ್ರ ದೇವ್ರಂಗಿದ್ರು." ಅವಳಿಗೆ ನನ್ನ ಮೇಲಿದ್ದ ಗೌರವಕ್ಕೆಲ್ಲ ಅದೇ ಬುನಾದಿ. ನಾನು ಸಿಡುಕಿದಾಗ, ಮಾತು ಬಿಟ್ಟಾಗ, ಅದನ್ನು ನೆನೆದು ಸಹಿಸಿಕೊಂಡಳು. ಅವಳು ಆ ಮಾತು ತೆಗೆದಾಗಲೆಲ್ಲ ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ವಿನಯದಿಂದ ಹೋಗುತ್ತಾರೆ ಎಂದು ಅದಕ್ಕೂ ನನ್ನನ್ನು ಹೊಗಳುತ್ತಿದ್ದಳು.

ಹೋದ ತಿಂಗಳು ಕಾಲೇಜಿನ ಒಬ್ಬ ಉಪನ್ಯಾಸಕರು ಮಂಡ್ಯದ ನಮ್ಮ ಮನೆಗೆ ಬಂದರು. ಸ್ನೇಹಿತನ ತಂಗಿಯ ಮಗ ಅವರಿಗೆ ಹಳೆಯ ಹಸ್ತಪ್ರತಿಗಳನ್ನು ಕೊಟ್ಟಿದ್ದಾನೆ. ಆ ಕಾಲದಲ್ಲೇ ಇಂಥ ಕತೆಗಳನ್ನು ಬರೆದವರು ನಮ್ಮ ಕಡೆ ಇದ್ದರೆಂದು ಅವರಿಗೆ ಬಹಳ ಸಂತೋಷ. ನನ್ನಲ್ಲಿ ಕಾಗದಗಳಿದ್ದರೆ ಬೇಕು, ಆತ ಇದ್ದಕ್ಕಿದ್ದಂತೆ ಬರೆಯುವುದನ್ನು ಏಕೆ ನಿಲ್ಲಿಸಿದರೆಂದು ತಿಳಿಯಬೇಕು ಎಂದರು. ಉತ್ಸಾಹದಲ್ಲಿ ಹಳೆಯ ಪತ್ರಿಕೆ ತೆರೆದು ಕಂಬದ ಕತೆಯನ್ನು ಓದತೊಡಗಿದರು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಓದು ಮುಗಿಯುವವರೆಗೂ ಕದಲಲಿಲ್ಲ.

"ಇದು ಕತೆಯಾ?" ಎಂದು ಕೇಳಿದಳು.

"ಹೌದಮ್ಮ, ತುಂಬ ಒಳ್ಳೆಯ ಕತೆ" ಎಂದರು ಅವರು.

ಅವರು ಹೋದ ಮೇಲೆ ಅವಳು ನನ್ನೆದುರು ಬಂದು ಕೂತಳು. ಮೊರವನ್ನು ಕೆಳಗಿಟ್ಟಳು. "ನಿಮಗೆ ಆಗಲೇ ಗೊತ್ತಿತ್ತಾ, ಅದು ಕತೆ ಅಂತ?"

ನೆನಪಿಲ್ಲ ಎಂದೆ.

ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ನೆಂಟರು ಎರಡು ಸಲ ಬಂದು ಹೋದರು. ತನ್ನನ್ನು ನಾನು ಉಳಿಸಿದ ಮಾತನ್ನು ಅವಳು ಹೇಳಲಿಲ್ಲ. ನನಗೆ ಊಟಕ್ಕೆ ಕರೆಯುತ್ತಾಳೆ, ಮಾತ್ರೆ ಕೊಡುತ್ತಾಳೆ, ಎಲ್ಲ ಮೊದಲಿನಂತೆಯೇ. ಉಪನ್ಯಾಸಕರಿಗೆ ಕಾಗದಗಳನ್ನು ಕಳಿಸಿಕೊಟ್ಟೆ. ಒಂದನ್ನು ಕಳಿಸಲಿಲ್ಲ. ಅದರಲ್ಲಿ ಅವಳು ತಲೆಯೆತ್ತಿ ಕೇಳಿದ ಪ್ರಶ್ನೆಯಿದೆ. ಒಬ್ಬ ಮನುಷ್ಯ ತನ್ನ ಕತೆಗಳನ್ನೆಲ್ಲ ಮೊದಲು ಅವಳಿಗೆ ಓದಿ ಹೇಳಬೇಕೆಂದಿದ್ದ ಎನ್ನುವುದಿದೆ. ಅದು ಅವಳಿಗೆ ಸೇರಬೇಕಾದ ಕಾಗದ. ದಿನಕ್ಕೆರಡು ಸಲ ಅದನ್ನು ಕೈಗೆತ್ತಿಕೊಂಡು ನಡುಮನೆಯವರೆಗೆ ಹೋಗುತ್ತೇನೆ, ಹಿಂದಕ್ಕೆ ಬರುತ್ತೇನೆ.

ಅವನನ್ನು ಕೇಳಿದೆ, ತಡವಾಗಿಯಾದರೂ ಕೇಳಿದೆ. ಗೌಡರು ಸಾಯುವ ಮುಂಚೆ ಅವರ ಕಾಲು ಮುಟ್ಟಿ, ಕಾರಣ ಹೇಳದೆ, ತಪ್ಪಾಯಿತು ಎಂದೆ. ನಾನು ಇದುವರೆಗೂ ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ, ನನ್ನ ಹೆಂಡತಿಯನ್ನು.